ಅಟ್ಟದಲ್ಲಿ ಸಿಕ್ಕ ಹಳೆಯ ಕತ್ತಿ ಯಾವ ಕೆಲಸದ್ದು? ಪತ್ತೆ ಮಾಡುವ ಬಗೆ

ಹಳೆಮನೆ ಕೆಡವುವಾಗ, ಅಟ್ಟ ಗುಡಿಸುವಾಗ, ಅಜ್ಜನ ಪೆಟ್ಟಿಗೆ ತೆಗೆದಾಗ ಸಿಕ್ಕ ಕತ್ತಿಯ ಫೋಟೋ ಕಳಿಸಿ "ಇದನ್ನ ಯಾವುದಕ್ಕೆ ಬಳಸ್ತಿದ್ರು?" ಎಂದು ಕೇಳುವವರು ಬಹಳ ಜನ. ಕೇಳುವಾಗಲೇ ಹೆಚ್ಚಿನವರ ಮನಸ್ಸಿನಲ್ಲಿ ಒಂದು ಉತ್ತರ ಕೂತಿರುತ್ತದೆ. ಯುದ್ಧದ್ದು, ಟಿಪ್ಪು ಕಾಲದ್ದು, ಪಾಳೇಗಾರರದ್ದು. ಆದರೆ ನಮ್ಮ ಮನೆಗಳಲ್ಲಿ ಸಿಗುವ ವಿಚಿತ್ರ ಆಕಾರದ ಕತ್ತಿಗಳಲ್ಲಿ ಬಹುಪಾಲು ಕೆಲಸದ ಕತ್ತಿಗಳೇ. ಅಡಿಕೆ ಸುಲಿದವು, ಬಿದಿರು ಸೀಳಿದವು, ಚರ್ಮ ಹೆರೆದವು, ಕಾಫಿ ಗಿಡ ಕಪಾತು ಮಾಡಿದವು, ಎಂದರೆ ಬೇಡದ ರೆಂಬೆ ಸವರಿದವು. ಅದರಲ್ಲಿ ಬೇಸರ ಪಡುವಂಥದ್ದು ಏನೂ ಇಲ್ಲ. ಒಂದು ಕಸುಬಿಗಾಗಿಯೇ ಕಮ್ಮಾರ ಕೂತು ತಟ್ಟಿದ ಕತ್ತಿಯಲ್ಲಿ ತಿಳಿಯುವುದಕ್ಕೆ ಬೇಕಾದಷ್ಟು ಇರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕತ್ತಿಯ ಕೆಲಸ ಗೊತ್ತಾಗುವುದು ಅದರ ಆಕಾರದಿಂದ ಅಷ್ಟಲ್ಲ, ಸವೆತದಿಂದ. ಎಲ್ಲಿ ಸವೆದಿದೆ, ಎಲ್ಲಿ ಪೆಟ್ಟು ಬಿದ್ದಿದೆ, ಕೈ ಎಲ್ಲಿ ಕೂತಿದೆ, ಈ ಮೂರನ್ನು ನೋಡಿ. ಕೆಳಗಿನ ಹಂತಗಳೆಲ್ಲ ಇದಕ್ಕಾಗಿಯೇ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ: ಒಂದು ಸ್ಕೇಲು, ಅಡುಗೆಮನೆಯ ತೂಕದ ಯಂತ್ರ, ಒಂದು ಭೂತಗನ್ನಡಿ, ಬಿಳಿ ಬಟ್ಟೆ, ಫೋಟೋಗೆ ಮೊಬೈಲ್. ಕೈಗೆ ದಪ್ಪ ಗ್ಲೌಸ್ ಇರಲಿ. ತುಕ್ಕು ಹಿಡಿದಿದೆ ಎಂದರೆ ಮೊಂಡಾಗಿದೆ ಎಂದಲ್ಲ. ಶೇಂದಿ ಇಳಿಸುವ ಕತ್ತಿ ಎಷ್ಟೋ ವರ್ಷ ಬಿದ್ದಿದ್ದರೂ ಬೆರಳು ಕೊಯ್ಯಬಲ್ಲದು.

1. ತೊಳೆಯಬೇಡಿ, ಉಜ್ಜಬೇಡಿ

ಎಲ್ಲರೂ ಎಡವುವುದು ಇಲ್ಲೇ. ಕತ್ತಿ ಸಿಕ್ಕ ದಿನವೇ ಹುಣಸೆಹಣ್ಣು, ಬೂದಿ, ಮರಳುಕಾಗದ ತಗೊಂಡು ಫಳಫಳ ಮಾಡಿ ಆಮೇಲೆ ಫೋಟೋ ಕಳಿಸುತ್ತಾರೆ. ಅಷ್ಟರಲ್ಲಿ ಅರ್ಧ ಸಾಕ್ಷಿ ಹೋಗಿರುತ್ತದೆ.

ಕತ್ತಿಯ ಮೇಲಿನ ಕೊಳೆಯೂ ಏನೋ ಹೇಳುತ್ತಿರುತ್ತದೆ. ಹಸಿ ಅಡಿಕೆಯಲ್ಲಿ ಚೊಗರು ಇದೆ. ಅದು ಕಬ್ಬಿಣಕ್ಕೆ ತಾಗಿದರೆ ನೀಲಿಗಪ್ಪು ಕಲೆ ಆಗುತ್ತದೆ, ಹಳೆಯ ಕಾಲದ ಶಾಯಿ ತಯಾರಾಗುತ್ತಿದ್ದದ್ದೂ ಇದೇ ರೀತಿಯಲ್ಲಿ. ಅಲಗಿನ ಒಂದೇ ಭಾಗ ಹೀಗೆ ಕಪ್ಪಾಗಿದ್ದರೆ ಅಡಿಕೆಯನ್ನೋ ಬಾಳೆಕಾಯಿಯಂಥ ಚೊಗರು ಬಿಡುವ ಇನ್ನೊಂದನ್ನೋ ಕೊಯ್ದಿರಬಹುದು. ಹಲಸಿನ ಮೇಣ ಕಂದು ಬಣ್ಣಕ್ಕೆ ತಿರುಗಿ ಗಟ್ಟಿ ಪದರವಾಗಿ ಅಂಟಿರುತ್ತದೆ. ಹಿಡಿಯ ಸಂದಿಯಲ್ಲಿ ಜೇನುಮೇಣ, ಚರ್ಮದ ಪುಡಿ, ಸುಣ್ಣ ಸಿಕ್ಕಿಕೊಂಡಿರಬಹುದು.

ಮೊದಲು ಎರಡೂ ಕಡೆಯಿಂದ, ಬೆನ್ನಿನ ಕಡೆಯಿಂದ, ತುದಿಯಿಂದ ಫೋಟೋ ತೆಗೆಯಿರಿ. ಪಕ್ಕದಲ್ಲಿ ಸ್ಕೇಲು ಇಡಿ. ಹಗಲಿನ ಬೆಳಕು ಓರೆಯಾಗಿ ಬೀಳುವಂತೆ ಕಿಟಕಿ ಪಕ್ಕ ಇಟ್ಟರೆ ಮಾಸಿದ ಮುದ್ರೆಯೂ ಎದ್ದು ಕಾಣುತ್ತದೆ. ಸಡಿಲ ಧೂಳನ್ನು ಒಣ ಬ್ರಶ್ಶಿನಿಂದ ಕೊಡವಿ, ಸದ್ಯಕ್ಕೆ ಅಷ್ಟು ಸಾಕು.

ಇನ್ನೊಂದು ಎಚ್ಚರಿಕೆ. ಅಲಗಿನ ಮೇಲೆ ಅರಿಶಿನ ಕುಂಕುಮ ಕಂಡ ಕೂಡಲೇ "ಇದು ಬಲಿ ಕೊಡುವ ಕತ್ತಿ" ಎಂದು ತೀರ್ಮಾನ ಮಾಡಬೇಡಿ. ಆಯುಧಪೂಜೆಗೆ ಹುಲ್ಲು ಕೊಯ್ಯುವ ಕುಡುಗೋಲಿಗೂ ಕುಂಕುಮ ಹಚ್ಚುತ್ತೇವೆ, ಅಲ್ವಾ?

2. ಎಲ್ಲಿ ಸಿಕ್ಕಿತು, ಯಾರು ಹಿಡಿಯುತ್ತಿದ್ದರು

ಕೊಟ್ಟಿಗೆಯ ಸೂರಿನಲ್ಲಿ ಸಿಕ್ಕಿಸಿದ್ದು, ಅಡುಗೆಮನೆಯ ಮೂಲೆಯಲ್ಲಿ ಇದ್ದದ್ದು, ದೇವರ ಕೋಣೆಯಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದು, ಇವು ಮೂರೂ ಬೇರೆ ಬೇರೆ ಸುಳಿವು. ಜಾಗವನ್ನು ಬರೆದಿಟ್ಟುಕೊಳ್ಳಿ. ಜೊತೆಗೆ ಸಿಕ್ಕ ಸಾಮಾನನ್ನೂ ಬರೆಯಿರಿ. ಕತ್ತಿ ಪಕ್ಕದಲ್ಲಿ ಚುಚ್ಚುವ ದಬ್ಬಳ ಇತ್ತೆಂದರೆ ಚರ್ಮದ ಕೆಲಸದ ದಾರಿ ಹಿಡಿಯಬಹುದು, ತಾಳೆಗರಿಯ ಕಟ್ಟು ಇತ್ತೆಂದರೆ ಬರವಣಿಗೆಯದ್ದು.

ಮನೆಯ ಹಿರಿಯರ ಹತ್ತಿರ "ಇದೇನು?" ಎಂದು ಕೇಳಬೇಡಿ. ಹಾಗೆ ಕೇಳಿದರೆ ಅವರೂ ಊಹೆ ಶುರು ಮಾಡುತ್ತಾರೆ. "ಅಜ್ಜಿ, ಇದನ್ನ ಯಾರು ಹಿಡೀತಿದ್ರು? ಕೂತು ಹಿಡೀತಿದ್ರಾ, ನಿಂತಾ? ಯಾವ ತಿಂಗಳಲ್ಲಿ ತೆಗೀತಿದ್ರು?" ಎಂದು ಕೇಳಿ. ಕೈಯಲ್ಲಿ ಕೊಟ್ಟು ನೋಡಿ ಕೂಡ. ಹೆಸರು ಮರೆತಿದ್ದರೂ ಹಿಡಿಯುವ ರೀತಿ ಕೈಗೆ ನೆನಪಿರುತ್ತದೆ, ಅದು ಎಷ್ಟೋ ಸಲ ಹೆಸರಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

3. ಅಳತೆ ಮತ್ತು ಭಾಗಗಳು

ಮುಂದಿನ ಹಂತಗಳಲ್ಲಿ ಗೊಂದಲ ಆಗದಿರಲಿ ಅಂತ ಭಾಗಗಳ ಹೆಸರು ಹೇಳಿಬಿಡುತ್ತೇನೆ. ಅಲಗು ಎಂದರೆ ಕಬ್ಬಿಣದ ಹಾಳೆ ಪೂರ್ತಿ. ಬಾಯಿ ಎಂದರೆ ಅದರಲ್ಲಿ ಕೊಯ್ಯುವ ಅಂಚು. ಬೆನ್ನು ಎಂದರೆ ಬಾಯಿಯ ಎದುರಿನ ದಪ್ಪ ಅಂಚು. ಮೊನೆ ಎಂದರೆ ತುದಿ. ಬಾಲ ಎಂದರೆ ಹಿಡಿಯೊಳಗೆ ಹೋಗಿ ಕೂತ ಕಬ್ಬಿಣ. ಒರೆ ಎಂದರೆ ಕತ್ತಿ ಇಡುವ ಚೀಲ ಅಥವಾ ಮರದ ಕವಚ.

ಅಲಗಿನ ಉದ್ದ, ಅತಿ ಅಗಲವಾದ ಕಡೆಯ ಅಗಲ, ಬೆನ್ನಿನ ದಪ್ಪ, ಒಟ್ಟು ತೂಕ ಬರೆದುಕೊಳ್ಳಿ. ನಂತರ ಒಂದು ಬೆರಳ ಮೇಲೆ ಅಡ್ಡವಾಗಿ ಇಟ್ಟು ಎಲ್ಲಿ ಸಮತೂಕ ನಿಲ್ಲುತ್ತದೆ ನೋಡಿ. ತೂಕ ಮೊನೆಯ ಕಡೆ ಇದ್ದರೆ ಬೀಸಿ ಕಡಿಯುವ ಕತ್ತಿ. ಹಿಡಿಯ ಕಡೆ ಇದ್ದರೆ ಕೊಯ್ಯುವ, ಹೆರೆಯುವ, ಸೂಕ್ಷ್ಮ ಕೆಲಸದ ಕತ್ತಿ.

4. ಬಾಯಿ ಯಾವ ಕಡೆ, ಹೇಗೆ ಮಸೆದಿದ್ದಾರೆ

ಇಲ್ಲಿ ಸ್ವಲ್ಪ ಹೊತ್ತು ಕೂತುಕೊಳ್ಳಿ. ಅತಿ ಹೆಚ್ಚು ಉತ್ತರ ಸಿಗುವುದು ಈ ಹಂತದಲ್ಲೇ.

ಮೊದಲು ಬಾಯಿಯನ್ನು ಕಣ್ಣಿನ ನೇರಕ್ಕೆ ಹಿಡಿದು ನೋಡಿ. ಎರಡೂ ಕಡೆಯಿಂದ ಮಸೆದಿದ್ದರೆ ಕಡಿಯುವುದು, ಸೀಳುವುದು, ಸಾಮಾನ್ಯ ಕೆಲಸ. ಒಂದು ಮುಖ ಚಪ್ಪಟೆ, ಇನ್ನೊಂದು ಮುಖಕ್ಕೆ ಮಾತ್ರ ಇಳಿಜಾರು ಇದ್ದರೆ ಹೆರೆಯುವ ಅಥವಾ ಸವರುವ ಕತ್ತಿ. ಯಾವ ಮುಖ ಚಪ್ಪಟೆ ಎಂಬುದರಿಂದ ಹಿಡಿದವರು ಎಡಗೈಯವರೋ ಬಲಗೈಯವರೋ ಎನ್ನುವುದೂ ಕೆಲವೊಮ್ಮೆ ತಿಳಿಯುತ್ತದೆ.

ಬಾಯಿ ಒಳಬಾಗಿನಲ್ಲಿದ್ದರೆ ಎಳೆದು ಕೊಯ್ಯುವ ಕತ್ತಿ. ಕುಡುಗೋಲು, ಸೊಪ್ಪು ಕಡಿಯುವ ಕತ್ತಿ, ಕಪಾತು ಕತ್ತಿ ಎಲ್ಲ ಈ ಗುಂಪು. ಒಳಬಾಗಿನಲ್ಲಿ ಸಣ್ಣ ಹಲ್ಲುಗಳಿದ್ದರೆ ಅದು ಭತ್ತ ಅಥವಾ ಹುಲ್ಲು ಕೊಯ್ಯುವ ಹಲ್ಲಿನ ಕುಡುಗೋಲು. ಹಲ್ಲು ಸವೆದು ಮಾಸಿಹೋಗಿದ್ದರೆ ಭೂತಗನ್ನಡಿ ಹಿಡಿದು ಹಿಡಿಯ ಹತ್ತಿರದ ಭಾಗ ನೋಡಿ, ಅಲ್ಲಿ ಉಳಿದಿರುತ್ತವೆ.

ಬಾಯಿ ಉದ್ದಕ್ಕೆ ಇಲ್ಲದೆ ತುದಿಯಲ್ಲಿ ಅಡ್ಡಕ್ಕೆ ಇದೆಯೇ? ಅಗಲವಾಗಿ, ಉಳಿಯ ಹಾಗೆ, ಆದರೆ ಮೊಂಡು ಹಿಡಿಯೊಂದಿಗೆ ಇದ್ದರೆ ಅದು ಬಹುಶಃ ರಂಪಿಗೆ. ಚಪ್ಪಲಿ ಹೊಲಿಯುವವರು ಚರ್ಮವನ್ನು ತೆಳ್ಳಗೆ ಹೆರೆಯಲು, ಕತ್ತರಿಸಲು ಬಳಸುವ ಕತ್ತಿ. ಇದನ್ನು ಮುಂದಕ್ಕೆ ತಳ್ಳಿ ಬಳಸುತ್ತಾರೆ, ಆದ್ದರಿಂದ ಹಿಡಿಯ ಹಿಂಬದಿ ಅಂಗೈ ತಾಗಿ ನುಣ್ಣಗಾಗಿರುತ್ತದೆ.

ತುದಿಯನ್ನು ಕೋನವಾಗಿ ಬಗ್ಗಿಸಿ ಸಣ್ಣ ಕಾಲುವೆಯ ಹಾಗೆ ಮಾಡಿ ಅಲ್ಲಿಗೆ ಬಾಯಿ ಕೊಟ್ಟಿದ್ದರೆ ರಬ್ಬರ್ ಮರದ ತೊಗಟೆ ಕೆತ್ತಿ ಹಾಲು ತೆಗೆಯುವ ಕತ್ತಿ. ಸುಳ್ಯ, ಪುತ್ತೂರು ಕಡೆಯವರಿಗೆ ಇದು ದಿನಾ ಕಾಣುವ ಸಾಮಾನು, ಬೇರೆ ಕಡೆಯವರಿಗೆ ದೊಡ್ಡ ಒಗಟು. ಅಗಲವಾದ ಅಲಗಿಗೆ ಬ್ಲೇಡಿನಷ್ಟು ಹರಿತವಾದ ಬಾಯಿ, ಬಾಯಿಯಲ್ಲಿ ಒಂದೂ ಮುಕ್ಕಿಲ್ಲ, ಬೆನ್ನಿಗೆ ಪೆಟ್ಟಿನ ಗುರುತೂ ಇಲ್ಲ ಎಂದರೆ ಶೇಂದಿ ಇಳಿಸುವವರ ಕತ್ತಿ ಇರಬಹುದು. ಹೊಂಬಾಳೆಯ ತುದಿಯನ್ನು ದಿನಾ ತೆಳ್ಳಗೆ ಸವರಬೇಕು, ಜಜ್ಜಿದರೆ ರಸ ಸರಿಯಾಗಿ ಇಳಿಯುವುದಿಲ್ಲ. ಹಾಗಾಗಿ ಅದನ್ನು ಕಟ್ಟಿಗೆ ಕಡಿಯಲು ಯಾರೂ ಮುಟ್ಟಿರುವುದಿಲ್ಲ.

ಮಡಚುವ ಸಣ್ಣ ಚಾಕು, ಅದರ ಹಿಂಬದಿಯಲ್ಲಿ ಮೂಳೆಯದ್ದೋ ಹಿತ್ತಾಳೆಯದ್ದೋ ಹರಿತವಿಲ್ಲದ ನಾಲಿಗೆ ಇದ್ದರೆ ಅದು ಕಸಿ ಕಟ್ಟುವ ಚಾಕು. ಆ ನಾಲಿಗೆ ತೊಗಟೆಯನ್ನು ಹರಿಯದಂತೆ ಎಬ್ಬಿಸಲು.

5. ಹಿಡಿ ಇದೆಯೇ, ಇದ್ದರೆ ಎಂಥದ್ದು

"ತಲ್ವಾರ್ ಸಿಕ್ಕಿದೆ" ಎಂದು ಬರುವ ಫೋಟೋಗಳಲ್ಲಿ ಪದೇ ಪದೇ ಕಾಣುವ ಒಂದು ವಸ್ತುವಿನ ಬಗ್ಗೆ ವಿವರವಾಗಿ ಹೇಳುತ್ತೇನೆ. ಬಾಗಿದ ಅಲಗು, ಹಿಡಿ ಇಲ್ಲ. ಬುಡ ದಪ್ಪ, ಅಲ್ಲಿಂದ ಬಾಲ ಲಂಬಕೋನದಲ್ಲಿ ತಿರುಗಿದೆ, ಬಾಲದಲ್ಲಿ ಮೊಳೆಯ ತೂತು. ಕತ್ತಿಯ ಹಾಗೆ ಹಿಡಿಯಲು ಹೋದರೆ ಕೈಗೆ ಕೂರುವುದೇ ಇಲ್ಲ. ಅದನ್ನು ತಲೆಕೆಳಗು ಮಾಡಿ, ಬಾಲವನ್ನು ನೆಲದ ಮೇಲೆ ಇಟ್ಟು ನೋಡಿ. ಅಲಗು ಎದ್ದು ನಿಂತು ಬಾಯಿ ನಿಮ್ಮ ಕಡೆ ತಿರುಗುತ್ತದೆ. ಅದು ಈಳಿಗೆ ಮಣೆಯ ಅಲಗು, ಮಣೆ ಗೆದ್ದಲು ತಿಂದು ಹೋಗಿದೆ ಅಷ್ಟೇ. ತುದಿಯಲ್ಲಿ ದುಂಡಗೆ ಹಲ್ಲಿದ್ದರೆ ಕಾಯಿ ತುರಿಯಲೂ ಅದನ್ನೇ ಬಳಸುತ್ತಿದ್ದರು. ಕರಾವಳಿ, ಮಲೆನಾಡಿನ ಮೆಟ್ಟುಗತ್ತಿಯೂ ಹೀಗೆಯೇ ನಿಲ್ಲುವಂಥದ್ದು, ಅದರಲ್ಲಿ ಅಡಿಕೆ ಸುಲಿಯುತ್ತಾರೆ. ತರಕಾರಿಯ ಈಳಿಗೆಗೆ ಸವೆತ ಉದ್ದಕ್ಕೂ ಹರಡಿರುತ್ತದೆ, ಅಡಿಕೆ ಸುಲಿದದ್ದಕ್ಕೆ ಒಂದೇ ಜಾಗದಲ್ಲಿ ಜಾಸ್ತಿ.

ನೆನಪಿಡಿ: ಕತ್ತಿ ಎಂದರೆ ಕೈಯಲ್ಲಿ ಬೀಸುವುದೇ ಆಗಬೇಕಿಲ್ಲ. ಕತ್ತಿ ನಿಂತಲ್ಲೇ ನಿಂತು ವಸ್ತುವೇ ಅದರ ಹತ್ತಿರ ಬರುವ ವ್ಯವಸ್ಥೆ ನಮ್ಮ ಅಡುಗೆಮನೆಯಲ್ಲಿ ಬಹಳ ಹಳೆಯದು.

ಹಿಡಿಯ ಬದಲು ಟೊಳ್ಳು ಕೊಳವೆ ಇದ್ದರೆ ಅದು ಉದ್ದ ಕೋಲಿಗೆ ಸಿಕ್ಕಿಸುವ ಕತ್ತಿ. ದೋಟಿಗೆ, ಎಂದರೆ ಆ ಉದ್ದ ಕೋಲಿಗೆ, ಕಟ್ಟಿ ಕಾಯಿ, ಗೊನೆ, ಸೊಪ್ಪು ಇಳಿಸುತ್ತಿದ್ದರು. ಇದನ್ನು ಭರ್ಜಿಯ ತುದಿ ಎಂದುಕೊಳ್ಳುವವರು ಇದ್ದಾರೆ. ಭರ್ಜಿಗೆ ಮೊನೆ ನೇರ ಮತ್ತು ಚೂಪು, ದೋಟಿಯ ಕತ್ತಿಗೆ ಕೊಕ್ಕೆ ಮತ್ತು ಒಳಬಾಯಿ.

ಹಿಡಿಯ ಬುಡದ ಅಡ್ಡಪಟ್ಟಿಯಲ್ಲಿ ಒಂದು ಉಂಗುರ, ಹಿಡಿಯ ತುದಿಯಲ್ಲಿ ಒಂದು ಸೀಳುಗಾಲುವೆ, ಪಕ್ಕದಲ್ಲಿ ಒತ್ತುವ ಗುಂಡಿ, ಈ ಮೂರೂ ಇದ್ದರೆ ಅನುಮಾನವೇ ಬೇಡ, ಬಂದೂಕಿನ ಮೂತಿಗೆ ಸಿಕ್ಕಿಸುವ ಬಯೋನೆಟ್. ಬ್ರಿಟಿಷರ 1907ರ ಮಾದರಿಯ ಬಯೋನೆಟ್‌ಗೆ 17 ಇಂಚಿನ ಅಲಗು. ಭಾರತದಲ್ಲಿ ಆಮೇಲೆ ಬಂದ ಮಾದರಿಗಳದ್ದು ಸುಮಾರು 12 ಇಂಚು. ಸೈನ್ಯದಿಂದ ಬಂದವರ ಮನೆಗಳಲ್ಲಿ ಇವು ತೋಟದ ಕೆಲಸಕ್ಕೆ ಸವೆದಿರುವುದೂ ಇದೆ. ಉಂಗುರವನ್ನು ಗರಗಸದಿಂದ ಕತ್ತರಿಸಿ ತೆಗೆದಿದ್ದರೆ ಅದರ ಮೊಂಡು ಗುರುತು ಉಳಿದಿರುತ್ತದೆ, ಹುಡುಕಿ.

ಗೂರ್ಖಾಗಳ ಮುಂದಕ್ಕೆ ಬಾಗಿದ ಕತ್ತಿ ಕುಕ್ರಿ ಸಿಕ್ಕಿ, ಒರೆಯಲ್ಲಿ ಎರಡು ಪುಟ್ಟ ಚಾಕು ಇದ್ದರೆ ಅದರಲ್ಲಿ ಒಂದಕ್ಕೆ ಹರಿತ ಇರುವುದಿಲ್ಲ. ಅದಕ್ಕೆ ಸಾಣೆ ಹಿಡಿಸಬೇಡಿ. ಅದರ ಹೆಸರು ಚಕ್‌ಮಕ್, ಬೆಂಕಿಕಲ್ಲಿಗೆ ಹೊಡೆಯಲು ಮತ್ತು ಕುಕ್ರಿಯ ಬಾಯಿ ತೀಡಲು ಮಾಡಿದ್ದು.

ಕೊಡಗಿನ ಎರಡು ಕತ್ತಿಗಳ ವಿಷಯ ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಇವು ನಿಜಕ್ಕೂ ಆಯುಧದ ಕುಲದವು. ಪೀಚೆಕತ್ತಿ ಗಿಡ್ಡ, ಅಗಲ ಅಲಗು, ಒಂದೇ ಬಾಯಿ. ಹಿಡಿಯ ತುದಿಯಲ್ಲಿ ಗಿಳಿಯ ತಲೆ, ಒರೆಗೆ ಬೆಳ್ಳಿಯ ಕಟ್ಟು, ಸರಪಳಿಯಲ್ಲಿ ಕಿವಿ ಶುಚಿ ಮಾಡುವ ಕಡ್ಡಿ, ಚಿಮುಟದಂಥ ಪುಟ್ಟ ಸಾಮಾನು ತೂಗುತ್ತಿರುತ್ತವೆ. ಕೊಡವ ಗಂಡಸರ ಸಾಂಪ್ರದಾಯಿಕ ಉಡುಪಾದ ಕುಪ್ಯಚೇಲೆ ಉಟ್ಟಾಗ ಸೊಂಟದ ಮುಂದೆ ಸಿಕ್ಕಿಸುತ್ತಾರೆ. ಒಡಿಕತ್ತಿ ದೊಡ್ಡದು, ಬಾಯಿ ಒಳಬಾಗಿನಲ್ಲಿ, ಒರೆ ಇಲ್ಲ. ಬೆನ್ನ ಹಿಂದೆ ತೋಡಂಗ್ ಎಂಬ ಲೋಹದ ಕೊಕ್ಕೆಯಲ್ಲಿ ಸಿಕ್ಕಿಸುತ್ತಿದ್ದರು. ಮದುವೆಯಲ್ಲಿ ಬಾಳೆ ಕಡಿಯುವ ಶಾಸ್ತ್ರಕ್ಕೆ ಇದು ಇಂದಿಗೂ ಬೇಕು. ಒರೆ ಕಳೆದುಹೋಗಿದೆ ಎಂದು ಬೇಸರ ಮಾಡಿಕೊಳ್ಳಬೇಡಿ, ಇದಕ್ಕೆ ಒರೆ ಇದ್ದದ್ದೇ ಇಲ್ಲ.

6. ಸವೆತ ಓದುವುದು

ಬೆನ್ನನ್ನು ನೋಡಿ. ಕಬ್ಬಿಣ ಎರಡೂ ಕಡೆಗೆ ಅರಳಿ ತುಟಿ ಬಂದಿದ್ದರೆ ಅದರ ಮೇಲೆ ಕೊಡತಿಯಿಂದ ಹೊಡೆದಿದ್ದಾರೆ. ಅಂದರೆ ಬಿದಿರು ಅಥವಾ ಕಟ್ಟಿಗೆ ಸೀಳಿದ ಕತ್ತಿ. ಬುಟ್ಟಿ ಹೆಣೆಯುವ ಮೇದಾರರ ಕತ್ತಿಗಳನ್ನು ಗಮನಿಸಿ, ಸೀಳುವ ದಪ್ಪ ಕತ್ತಿ ಬೇರೆ, ಸೀಳಿದ ಪಟ್ಟಿಯನ್ನು ನುಣ್ಣಗೆ ಹೆರೆಯುವ ಕತ್ತಿ ಬೇರೆ.

ಬಾಯಿಯಲ್ಲಿ ಹಿಡಿಯ ಹತ್ತಿರ ಗುಳಿ ಬಿದ್ದಿದ್ದರೆ ಬಲ ಹಾಕಿ ಹೆರೆದಿದ್ದಾರೆ. ನಡುವೆ ಸವೆದಿದ್ದರೆ ಬೀಸಿ ಕಡಿದದ್ದು. ಮೊನೆಯ ಹತ್ತಿರ ಮಾತ್ರ ಸವೆದಿದ್ದರೆ ಬಿಡಿಸುವುದು, ಸುಲಿಯುವುದು. ಹಿಡಿಯಲ್ಲಿ ಹೆಬ್ಬೆರಳಿನ ಗುಳಿ ಬೆನ್ನಿನ ಕಡೆ ಇದ್ದರೆ ಒತ್ತಿ ಹಿಡಿದು ಮಾಡಿದ ಕೆಲಸ, ಬೀಸಿದ್ದಲ್ಲ.

ಈಗ ದೊಡ್ಡ ಎಚ್ಚರಿಕೆ. ನೀವು ನೋಡುತ್ತಿರುವ ಆಕಾರ ಹುಟ್ಟಿದಾಗಿನ ಆಕಾರ ಅಲ್ಲದಿರಬಹುದು. ನಲವತ್ತು ಐವತ್ತು ವರ್ಷ ಕಲ್ಲಿಗೆ ಮಸೆದ ಅಗಲ ಕತ್ತಿ ತೆಳ್ಳಗಿನ ಚೂರಿಯಾಗಿ ಕಾಣುತ್ತದೆ. ಕಲ್ಲು ತಾಗದ ಜಾಗ ಒಂದು ಉಳಿದಿರುತ್ತದೆ, ಹಿಡಿಗೆ ಅಂಟಿದ ಬುಡ. ಬುಡದ ಅಗಲ ಅಳೆಯಿರಿ, ನಡುವಿನ ಅಗಲ ಅಳೆಯಿರಿ. ಎರಡರ ನಡುವೆ ಮೆಟ್ಟಿಲಿನಂತೆ ಇಳಿತ ಕಂಡರೆ ಅಷ್ಟು ಕಬ್ಬಿಣ ಮಸೆದೇ ಹೋಗಿದೆ. ಕಾಗದದ ಮೇಲೆ ಕತ್ತಿ ಇಟ್ಟು ಗೆರೆ ಎಳೆದು, ಬುಡದ ಅಗಲವನ್ನೇ ಮುಂದಕ್ಕೆ ಎಳೆದು ಮೂಲ ಆಕಾರ ಬರೆಯಿರಿ. ಎಷ್ಟೋ ಕತ್ತಿಗಳ ಗುಟ್ಟು ಈ ಚಿತ್ರದಲ್ಲೇ ಬಿಡುತ್ತದೆ.

ಹಾಗೆಯೇ ಒಂದು ಕತ್ತಿ ಎರಡು ಬದುಕು ಬಾಳಿರಬಹುದು. ಮುರಿದ ಮಚ್ಚನ್ನು ಗಿಡ್ಡ ಮಾಡಿ ಅಡುಗೆಮನೆಗೆ ತಂದಿರುತ್ತಾರೆ. ಹಿಡಿ ಬದಲಾಗಿರುವುದಂತೂ ತೀರಾ ಸಾಮಾನ್ಯ. ಹಿಡಿಯ ವಯಸ್ಸೇ ಅಲಗಿನ ವಯಸ್ಸು ಎಂದು ತಿಳಿಯಬೇಡಿ.

7. ಮುದ್ರೆ ಮತ್ತು ಕಬ್ಬಿಣ

ಅಲಗಿನ ಬುಡದಲ್ಲಿ, ಬೆನ್ನಿನ ಮೇಲೆ ಮುದ್ರೆ ಹುಡುಕಿ. ಬಾಣದ ಗುರುತು ಬ್ರಿಟಿಷ್ ಸರ್ಕಾರಿ ಸ್ವತ್ತಿನ ಚಿಹ್ನೆ. ಅದರ ಕೆಳಗೆ ಇಂಗ್ಲಿಷಿನ ಐ ಅಕ್ಷರ ಇದ್ದರೆ ಭಾರತ ಸರ್ಕಾರದ ಉಗ್ರಾಣದ್ದು. ಆರ್ ಎಫ್ ಐ ಎಂದಿದ್ದರೆ ಬಂಗಾಳದ ಈಶಾಪುರದ ರೈಫಲ್ ಕಾರ್ಖಾನೆ. ನಕ್ಷತ್ರ ಮತ್ತು ಶಿಲುಬೆಯ ಜೋಡಿ ಇಂಗ್ಲೆಂಡಿನ ಶೆಫೀಲ್ಡಿನ ಜೋಸೆಫ್ ರಾಡ್ಜರ್ಸ್ ಕಂಪನಿಯದ್ದು. ಅದರೊಂದಿಗೆ ಕಿರೀಟ ಮತ್ತು ವಿ ಆರ್ ಅಕ್ಷರ ಇದ್ದರೆ ವಿಕ್ಟೋರಿಯಾ ರಾಣಿಯ ಕಾಲ, ಎಂದರೆ 1837ರಿಂದ 1901. ಆದರೆ ಈ ಕಂಪನಿಯ ಹೆಸರಿಗೆ ನಕಲುಗಳೂ ಬಹಳ ಇದ್ದವು, ಮುದ್ರೆ ಒಂದನ್ನೇ ನಂಬಬೇಡಿ. "ಮೇಡ್ ಇನ್ ಜರ್ಮನಿ" ಎಂಬ ಬರಹ ಬ್ರಿಟನ್ನಿನ 1887ರ ಕಾನೂನಿನ ನಂತರ ಸಾಮಾನ್ಯವಾಯಿತು. ಭಾರತದಲ್ಲೂ ಸರಕಿನ ಗುರುತುಗಳ ಕಾನೂನು 1889ರಲ್ಲಿ ಬಂತು.

ಊರ ಕಮ್ಮಾರ ಮಾಡಿದ್ದಕ್ಕೆ ಹೆಸರು ಇರುವುದಿಲ್ಲ, ಹೆಚ್ಚೆಂದರೆ ಚುಕ್ಕಿಗಳು, ಅರ್ಧಚಂದ್ರ. ಆಗ ಕಬ್ಬಿಣವನ್ನೇ ನೋಡಿ. ಅಲಗಿನ ಮೇಲೆ ಮಾಸಿದ ಓರೆಗೆರೆಗಳ ಬಲೆ ಕಂಡರೆ ಹಳೆಯ ಅರವನ್ನು (ಲೋಹ ಉಜ್ಜುವ ಉಪಕರಣ) ಕಾಯಿಸಿ ತಟ್ಟಿದ ಕತ್ತಿ. ದಪ್ಪ ಒಂದೇ ಸಮ, ಅಲ್ಲಲ್ಲಿ ಬೋಲ್ಟಿನ ದುಂಡು ತೂತು ಅಂದರೆ ಲಾರಿ ಪ್ಲೇಟಿನದ್ದು, ಅಂದರೆ ವಾಹನದ ಕೆಳಗಿನ ಸ್ಪ್ರಿಂಗ್ ಪಟ್ಟಿಯದ್ದು. ಮೋಟಾರು ಬರುವ ಮೊದಲು ಅಂಥ ಕಬ್ಬಿಣ ಎಲ್ಲಿತ್ತು? ಟಿಪ್ಪು ಕಾಲದ್ದು ಎಂಬ ಮಾತು ಅಲ್ಲಿಗೆ ನಿಲ್ಲುತ್ತದೆ.

ಅಲಗಿನಲ್ಲಿ ನೀರಿನ ಅಲೆಯಂಥ ವಿನ್ಯಾಸ ಇದೆ ಅನಿಸಿದರೆ ಆಸಿಡ್ ಹಾಕಿ ನೋಡಲು ಹೋಗಬೇಡಿ. ಅದನ್ನು ಬಲ್ಲವರೇ ಮಾಡಬೇಕು.

8. ಹಿಡಿ ದಂತದ್ದೋ ಮೂಳೆಯದ್ದೋ

ಮೂಳೆಯಲ್ಲಿ ಸಣ್ಣ ಸಣ್ಣ ಕಪ್ಪು ರಂಧ್ರ, ಗೀರು ಕಾಣುತ್ತವೆ. ಆನೆದಂತದ ಕತ್ತರಿಸಿದ ತುದಿಯಲ್ಲಿ ಒಂದನ್ನೊಂದು ದಾಟುವ ಬಾಗುಗೆರೆಗಳು ಇರುತ್ತವೆ. ಕಾದ ಸೂಜಿ ಚುಚ್ಚುವ ಪರೀಕ್ಷೆ ಬೇಡ, ಹಿಡಿ ಹಾಳಾಗುತ್ತದೆ. ದಂತ ಅಥವಾ ಕಡವೆ ಕೊಂಬಿನದ್ದು ಅನಿಸಿದರೆ ಮಾರುವುದು, ಕೊಳ್ಳುವುದು ಎರಡೂ ಬೇಡ, 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

9. ಹೋಲಿಸಿ ನೋಡಿ

ಇಷ್ಟಾದ ಮೇಲೆ ನಿಮ್ಮ ಹತ್ತಿರ ಎರಡು ಮೂರು ಸಾಧ್ಯತೆ ಉಳಿದಿರುತ್ತವೆ. ಮೊದಲು ಸಂತೆಯಲ್ಲಿ ಕೂರುವ ಹಿರಿಯ ಕಮ್ಮಾರರ ಹತ್ತಿರ ಹೋಗಿ. ಪುಸ್ತಕ ಓದಿದವರಿಗಿಂತ ಅವರ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ನಂತರ ವಸ್ತುಸಂಗ್ರಹಾಲಯ. ರಾಮನಗರದ ಹತ್ತಿರದ ಜಾನಪದ ಲೋಕ, ಮೈಸೂರಿನ ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯ, ಧರ್ಮಸ್ಥಳದ ಮಂಜೂಷಾ, ಮಡಿಕೇರಿ ಕೋಟೆಯ ಸರ್ಕಾರಿ ಸಂಗ್ರಹಾಲಯ. ಕತ್ತಿಯನ್ನೇ ಹೊತ್ತುಕೊಂಡು ಹೋಗಬೇಡಿ, ಫೋಟೋ ಮತ್ತು ಅಳತೆ ಒಯ್ಯಿರಿ.

ಗೂಗಲ್‌ನಲ್ಲಿ ಚಿತ್ರ ಹಾಕಿ ಹುಡುಕುವುದು ತಪ್ಪಲ್ಲ, ಆದರೆ ಅಲ್ಲಿ ಮಾರಾಟಗಾರರು ಕೊಟ್ಟ ಹೆಸರೇ ಮೊದಲು ಬರುತ್ತದೆ. "ಅಪರೂಪದ ಯುದ್ಧ ಕತ್ತಿ" ಎಂದರೆ ಬೆಲೆ ಜಾಸ್ತಿ, "ಸೊಪ್ಪು ಕಡಿಯುವ ಕತ್ತಿ" ಎಂದರೆ ಕಡಿಮೆ.

10. ಕಾನೂನು, ಮತ್ತು ಇಡುವ ರೀತಿ

ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಕತ್ತಿ, ಕಠಾರಿ, ಬಯೋನೆಟ್, ಮತ್ತು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಚೂರಿಗಳು ಸೇರಿವೆ. ಮನೆ, ಬೇಸಾಯ, ಕಸುಬಿನ ಕೆಲಸಕ್ಕೆಂದು ಮಾಡಿದ್ದಕ್ಕೆ ವಿನಾಯಿತಿ ಇದೆ. ಹಾಗಾಗಿ ಇಷ್ಟು ಹೊತ್ತು ಪತ್ತೆ ಮಾಡಿದ ಉದ್ದೇಶ ಇಲ್ಲಿ ನೇರ ಉಪಯೋಗಕ್ಕೆ ಬರುತ್ತದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಜಮೀನು ಹೊಂದಿದವರಿಗೆ) ಇರುವ ಆಯುಧ ಪರವಾನಗಿ ವಿನಾಯಿತಿಯನ್ನು ಕೇಂದ್ರ 2019ರಲ್ಲಿ ಹತ್ತು ವರ್ಷ ಮುಂದುವರಿಸಿದೆ. ಬಯೋನೆಟ್ ಅಥವಾ ನಿಜವಾದ ಆಯುಧ ಎಂದು ಖಾತ್ರಿಯಾದರೆ ಠಾಣೆಯಲ್ಲಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ವಿದೇಶದಲ್ಲಿ ಇರುವವರಿಗೆ ಒಂದು ಮಾತು: ಅಜ್ಜನ ನೆನಪಿಗೆ ಅಂತ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗಬೇಡಿ. 100 ವರ್ಷ ದಾಟಿದ ವಸ್ತು 1972ರ ಪ್ರಾಚ್ಯವಸ್ತು ಕಾಯ್ದೆಗೆ ಬರುತ್ತದೆ, ಖಾಸಗಿಯವರು ಹೊರಗೆ ಒಯ್ಯುವಂತಿಲ್ಲ. ಪ್ರಾಚ್ಯವಸ್ತು ಅಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯಿಂದ ಪಡೆದರೆ ಮಾತ್ರ ನಿಶ್ಚಿಂತೆ.

ಇಡುವಾಗ ಚರ್ಮದ ಒರೆಯೊಳಗೆ ಇಡಬೇಡಿ, ಚರ್ಮ ತೇವ ಹಿಡಿದು ಅಲಗನ್ನು ತಿನ್ನುತ್ತದೆ. ಒರೆ ಬೇರೆ, ಕತ್ತಿ ಬೇರೆ ಇಡಿ. ಹೊಲಿಗೆ ಯಂತ್ರದ ಎಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ಸವರಿ, ಮಳೆಗಾಲಕ್ಕೆ ಮೊದಲು ಇನ್ನೊಮ್ಮೆ. ಜೊತೆಗೆ ಒಂದು ಚೀಟಿ ಕಟ್ಟಿ: ಎಲ್ಲಿ ಸಿಕ್ಕಿತು, ಯಾರು ಬಳಸಿದ್ದರು, ಯಾವ ಕೆಲಸದ್ದು. ಕೆಲಸದ ಮುಂದೆ "ಖಚಿತ" ಅಥವಾ "ಊಹೆ" ಎಂದು ಬರೆಯಲು ಮರೆಯಬೇಡಿ.